ಮಾಲೀಕರ ಗಂಟಲಿಗೆ ಕಟ್ಟಿದ ಹಾಡುಗಳು

ವಿಭಾಗದ ಮುಖ್ಯಸ್ಥರು ಬೆಟಗೇರಿಯ ನಮ್ಮ ಮನೆಗೆ ಬಂದಾಗ ನಾನು ಅಂಗಳದಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದೆ. ಗದಗ ಬೇರೆ ಜಿಲ್ಲೆಯಾಗಿ ಕೆಲವು ವರ್ಷಗಳಾಗಿದ್ದವು. ವಿಶ್ವವಿದ್ಯಾಲಯದವರು ಊರಲ್ಲಿ ಸಂಗೀತದ ಎಂ.ಎ. ಕಲಿಸುವ ಕೇಂದ್ರ ತೆರೆದಿದ್ದಾರೆ ಎಂಬ ಖಬರು ನನಗೂ ಮುಟ್ಟಿತ್ತು. ಅದರ ಮುಖ್ಯಸ್ಥರೇ ಇವರು. ಖ್ಯಾಲ್ ಹಾಡುವವರು, ಮೆತ್ತಗಿನ ಮನುಷ್ಯ. ಚಾಪೆ ಹಾಸಿದರೂ ಕೂಡದೆ ನಿಂತುಕೊಂಡೇ ವಿಷಯ ಹೇಳಿದರು. ನಾಟಕದ ಹಾಡು ಅಂತ ಹೊಸದಾಗಿ ಒಂದು ಪಾಠ ಇಟ್ಟಿದ್ದಾರೆ, ಅರ್ಧ ವರ್ಷದ್ದು. ಒಂದು ಹೊಸ ನಾಟಕಕ್ಕೆ ಏಳು ಹಾಡುಗಳ ಧಾಟಿ ಕಟ್ಟಬೇಕು, ಅವನ್ನು ಎಂಟು ವಿದ್ಯಾರ್ಥಿಗಳಿಗೆ ಕಲಿಸಬೇಕು. ಕೊನೆಗೆ ಹೊರಗಿನಿಂದ ಪರೀಕ್ಷಕರು ಬರುತ್ತಾರೆ, ಅವರ ಮುಂದೆ ಒಬ್ಬೊಬ್ಬರೂ ಹಾಡಬೇಕು. ಹಾಡಿ ಪಾಸಾಗದಿದ್ದರೆ ಪದವಿ ಇಲ್ಲ.

ನನಗೆ ಬರೆಯಲು ಬರುವುದಿಲ್ಲ ಎಂದೆ. ಅಕ್ಷರ ಕೂಡಿಸಿ ಕೂಡಿಸಿ ಓದುತ್ತೇನೆ, ಸಹಿ ಮಾಡುತ್ತೇನೆ, ಅಷ್ಟೇ. ಇದನ್ನೂ ಹಾಗೇ ಕೂಡಿಸಿ ಬರೆದಿದ್ದೇನೆ, ಒತ್ತಕ್ಷರ ತಿದ್ದಿದವರು ಬೇರೆ.

"ಬರಿಯಾಕ ನಮ್ಮಲ್ಲಿ ಮಂದಿ ಭಾಳ ಅದಾರ್ರಿ ಅಮ್ಮಾರ, ಧಾಟಿ ಕಟ್ಟಾವರು ಇಲ್ಲ" ಎಂದರು.

ನಾನಿದ್ದ ನಾಟಕ ಕಂಪನಿ ಮುಚ್ಚಿ ಬಹಳ ದಿನವಾಗಿತ್ತು. ಪಕ್ಕದ ಮನೆಯ ಕೋಳಿಗಳನ್ನು ಬೈಯುವುದು ಬಿಟ್ಟರೆ ನನ್ನ ಗಂಟಲಿಗೆ ಬೇರೆ ಕೆಲಸವಿರಲಿಲ್ಲ. ಹೂಂ ಎಂದೆ. ಪದವಿ ಇಲ್ಲದವಳನ್ನು ಕಲಿಸಲು ಕರೆಯಬೇಕೆಂದರೆ ಅವರು ವಿಶ್ವವಿದ್ಯಾಲಯದ ಕಚೇರಿಯಲ್ಲಿ ಎಷ್ಟು ಸಲ ಹೋಗಿ ಕೂತಿದ್ದರೆಂಬುದು ನನಗೆ ಆಮೇಲೆ ಗುಮಾಸ್ತನಿಂದ ತಿಳಿಯಿತು. ತಾವಾಗಿ ಒಂದು ದಿನವೂ ಹೇಳಲಿಲ್ಲ. ಹೇಳಿದ್ದರೆ ನಾನು ಬರುತ್ತಿರಲಿಲ್ಲ.

ಕೇಂದ್ರ ಇದ್ದದ್ದು ಹತ್ತಿ ವ್ಯಾಪಾರಿಯೊಬ್ಬರ ಹಳೆಯ ಕೋಠಿಯಲ್ಲಿ, ಮಹಡಿಯ ಮೇಲೆ. ನಾನು ಲಕ್ಷ್ಮೇಶ್ವರದಲ್ಲಿ ಹತ್ತಿ ಹಿಂಜುವ ಪಿಂಜಾರರ ಮನೆಯಲ್ಲಿ ಹುಟ್ಟಿದವಳು. ಗೋಡೆಯೊಳಗೆ ಇನ್ನೂ ಹತ್ತಿಯ ವಾಸನೆ ಇತ್ತು. ಮೂಗಿಗೆ ಅದು ಬಡಿದದ್ದೇ ಹೆದರಿಕೆ ಅರ್ಧ ಇಳಿಯಿತು. ನನ್ನ ಕಾಲುಪೇಟಿಯನ್ನು ನಾಲ್ಕು ಹುಡುಗರು ಹೊತ್ತು ಮೇಲೆ ತಂದರು. ಕಾಲಿನಿಂದ ಗಾಳಿ ಒತ್ತುತ್ತಾ ಎರಡೂ ಕೈಯಿಂದ ನುಡಿಸುವ ಹಾರ್ಮೋನಿಯಂ ಅದು. ಕಂಪನಿಯಲ್ಲಿದ್ದಷ್ಟು ಕಾಲ ಅದರ ಹಿಂದೆಯೇ ಕೂತು ಧಾಟಿ ಕಟ್ಟಿದ್ದೆ.

ಮೊದಲ ದಿನ ಒಬ್ಬ ಹುಡುಗ ತಂಬೂರಿ ಹಿಡಿದು ಕಣ್ಣು ಮುಚ್ಚಿ ಆಲಾಪ ಶುರು ಮಾಡಿದ. ಶಿರಹಟ್ಟಿಯವನು, ದಪ್ಪ ದನಿ. ನಾನು ಸ್ವಲ್ಪ ಹೊತ್ತು ಕಾದೆ. ಅವನು ಇನ್ನೂ ಕೆಳಗಿನ ಸ್ವರದಲ್ಲೇ ತಿರುಗುತ್ತಿದ್ದ. ನಾಟಕ ನೋಡಲು ಹಿಂದೆ ಕೂತವನು ಶೇಂಗಾ ತಿಂದು ಮುಗಿಸಿ ಮನೆಗೆ ಹೋದ, ನೀನು ಇನ್ನೂ ಬಾಗಿಲು ತೆಗೆದಿಲ್ಲ ಎಂದೆ. ಎಲ್ಲರೂ ನಕ್ಕರು. ಅವನೂ ನಕ್ಕ. ಒಳ್ಳೆಯ ಹುಡುಗ.

ನಾನು ಕಲಿಸಿದ ರೀತಿ ಹೀಗೆ. ಮೊದಲು ಹಾಡಿನ ಸಾಲನ್ನು ಮಾತಿನಂತೆ ಆಡಿಸುವುದು. ಸಿಟ್ಟಿನಲ್ಲಿ ಒಮ್ಮೆ, ಅಳುತ್ತ ಒಮ್ಮೆ, ಬಾಗಿಲಲ್ಲಿ ನಿಂತು ಯಾರನ್ನೋ ಕರೆಯುವಂತೆ ಒಮ್ಮೆ. ಮಾತು ಎಲ್ಲಿ ಏರುತ್ತದೋ ಧಾಟಿಯೂ ಅಲ್ಲಿ ಏರಬೇಕು. ಆಮೇಲೆ ಪೇಟಿ, ಆಮೇಲೆ ತಬಲಾ. ನಾಟಕ ಬರೆದುಕೊಟ್ಟವರು ಕನ್ನಡ ಕಲಿಸುವ ಮೇಷ್ಟರೊಬ್ಬರು. ಮುಂಡರಗಿಯ ಕಡೆ ಹೊಳೆ ದಾಟಿಸುವ ಒಬ್ಬ ಹರಿಗೋಲಿನವಳ ಕಥೆ. ಅವಳ ಮುಖ್ಯ ಹಾಡಿಗೆ ಭೀಮಪಲಾಸ್ ಹಿಡಿದೆ. ಅದನ್ನು ಡಂಬಳದಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದ ಒಬ್ಬಳಿಗೆ ಕೊಟ್ಟೆ. ಉಳಿದವರಿಗಿಂತ ವಯಸ್ಸಿನಲ್ಲಿ ದೊಡ್ಡವಳು, ಮದುವೆಯಾಗಿ ಒಂದು ಕೂಸು ಇದ್ದವಳು. ಕೂಸನ್ನು ಅತ್ತೆಯ ಹತ್ತಿರ ಬಿಟ್ಟು ಬರುತ್ತಿದ್ದಳು. ಇದೊಂದು ವರ್ಷ ಓದು, ಪಾಸಾದರೆ ಸರಿ, ಆಗದಿದ್ದರೆ ಮನೆಯಲ್ಲಿ ಕೂಡು ಎಂದು ಅತ್ತೆ ಮಾತು ಹಾಕಿದ್ದರು. ಎಂಟು ಮಂದಿಯಲ್ಲಿ ಉಳಿದವರು ನಪಾಸಾದರೆ ಮತ್ತೆ ಪರೀಕ್ಷೆಗೆ ಕಟ್ಟಬಹುದು. ಅವಳಿಗೆ ಮತ್ತೆ ಎಂಬುದು ಇರಲಿಲ್ಲ.

ನಾನು ಹಾಡಿದ್ದನ್ನು ಸ್ವರಲಿಪಿಯಲ್ಲಿ ಬರೆಯಲು ಒಬ್ಬ ತರುಣ ಅಧ್ಯಾಪಕರನ್ನು ಕೊಟ್ಟಿದ್ದರು. ನಾನು ಅವರನ್ನು ಮಾಸ್ತರ ಎನ್ನುತ್ತಿದ್ದೆ. ಸರಿಗಮವನ್ನು ಗಣಿತದ ಹಾಗೆ ಬರೆಯುವ ಕೈ. ಅವರಿಗೂ ನನಗೂ ಮೊದಲ ವಾರವೇ ಜಗಳ ಹತ್ತಿಕೊಂಡಿತು. ಕಂಪನಿಯಲ್ಲಿ ಯಾವ ಹಾಡನ್ನೂ ಎರಡು ದಿನ ಒಂದೇ ರೀತಿ ಹಾಡಿದವರಿಲ್ಲ. ಪ್ರೇಕ್ಷಕರು ಹೇಗೋ ಹಾಡು ಹಾಗೆ. ಪೀಲು ರಾಗದ ಒಂದು ಹಾಡಿನಲ್ಲಿ ಸೋಮವಾರ ಕೋಮಲ ಗಾಂಧಾರ ಹಿಡಿದಿದ್ದೆ, ಮಂಗಳವಾರ ಶುದ್ಧ. ಯಾವುದು ಖರೆ ಎಂದು ಅವರು ಕೇಳಿದರು. ನಿನ್ನೆ ನೀವು ಸಪ್ಪಗೆ ಕೂತಿದ್ದಿರಿ, ಅದಕ್ಕೆ ಕೋಮಲ ಆಯಿತು ಎಂದೆ. ಮಾಸ್ತರಿಗೆ ನಗು ಬರಲಿಲ್ಲ.

"ಪರೀಕ್ಷಾದಾಗ ಸಪ್ಪಗ ಯಾರು ಇರ್ತಾರ, ಗೆಲುವಾಗಿ ಯಾರು ಇರ್ತಾರ ಅಂತ ನಾ ಏನು ಬರೀಲ್ರಿ ಅಮ್ಮಾರ?"

ಮಾತು ಸರಿ ಇತ್ತು. ಶನಿವಾರ ಹೇಗೆ ಹಾಡುತ್ತೇನೋ ಅದೇ ಗಟ್ಟಿ, ಅದನ್ನೇ ಬರೆಯಿರಿ ಎಂದು ಒಪ್ಪಂದ ಮಾಡಿಕೊಂಡೆವು. ಹಾಡನ್ನು ಮುಗಿಸುವುದು ಎಂದರೇನು ಎಂದು ನಾನು ಕಲಿತದ್ದು ಆ ಶನಿವಾರಗಳಲ್ಲಿ. ಅಲ್ಲಿಯ ತನಕ ನನ್ನ ಒಂದು ಹಾಡೂ ಮುಗಿದಿರಲಿಲ್ಲ, ಸುಮ್ಮನೆ ನಡೆಯುತ್ತಿದ್ದವು, ಅಷ್ಟೇ. ಏಳೂ ಹಾಡು ಬರೆದಾದವು. ನಿಯಮದ ಪ್ರಕಾರ ಒಂದು ಪ್ರತಿಯನ್ನು ಪರೀಕ್ಷಕರಿಗೆ ಮುಂಚೆಯೇ ಅಂಚೆಯಲ್ಲಿ ಕಳಿಸಿದರು.

ರೋಜಾದ ತಿಂಗಳು ಬಂತು. ಕೇಂದ್ರದೊಳಗೆ ಒಂದು ಪರೀಕ್ಷೆ ಇಟ್ಟರು, ಮುಖ್ಯ ಪರೀಕ್ಷೆಗೆ ತಾಲೀಮು ಎಂಬಂತೆ. ನೀರಿಲ್ಲದ ಗಂಟಲಿನಲ್ಲಿ ನಾನು ಹಾಡಿ ತೋರಿಸುತ್ತಿದ್ದೆ. ಹುಡುಗರು ನನ್ನ ಮುಂದೆ ನೀರಿನ ಬಾಟಲಿ ತೆಗೆಯುತ್ತಿರಲಿಲ್ಲ, ಕೆಳಗೆ ಹೋಗಿ ಕುಡಿದು ಬರುತ್ತಿದ್ದರು. ಯಾರೂ ಅವರಿಗೆ ಹೇಳಿರಲಿಲ್ಲ.

ತಾಲೀಮು ಕೆಟ್ಟಿತು. ಸ್ವರ ತಪ್ಪಲಿಲ್ಲ, ತಾಳ ತಪ್ಪಲಿಲ್ಲ. ಆದರೂ ಸಪ್ಪೆ. ಡಂಬಳದವಳು ಅರ್ಧಕ್ಕೇ ಕೆಮ್ಮಿ ನಿಲ್ಲಿಸಿದಳು. ಒಂದು ತಿಂಗಳಿಂದ ಅವಳ ದನಿ ಒಡೆಯುತ್ತಾ ಬಂದಿತ್ತು. ಧೈರ್ಯವಿಲ್ಲ, ಬಾಯಿ ಬಿಚ್ಚುವುದಿಲ್ಲ ಎಂದು ಎಲ್ಲರೆದುರು ಬೈದೆ. ಮುಖ್ಯಸ್ಥರು ಎಲ್ಲ ಮುಗಿದ ಮೇಲೆ ನನ್ನೊಬ್ಬಳಿಗೇ ಹೇಳಿದರು, ಎಲ್ಲಾ ಸರಿ ಇದೆ, ಆದರೆ ಎಂಟೂ ಮಂದಿ ತಗ್ಗು ಬಾಗಿಲಿನ ಮನೆಯೊಳಗೆ ತಲೆ ಬಗ್ಗಿಸಿ ಓಡಾಡಿದಂತೆ ಕೇಳಿಸುತ್ತದೆ ಎಂದು. ಮರುದಿನದಿಂದ ಡಂಬಳದವಳು ಬರುವುದು ಬಿಟ್ಟಳು.

ಎರಡು ದಿನ ಬಿಟ್ಟು ಸಂಜೆಗೆ ಮಾಸ್ತರು ನಮ್ಮ ಮನೆಗೆ ಬಂದರು. ರೋಜಾ ಬಿಡುವ ಹೊತ್ತು. ನಾನು ಖರ್ಜೂರ ಬಾಯಿಗೆ ಹಾಕಿಕೊಂಡು ನೀರು ಕುಡಿಯುವ ತನಕ ಕಾದರು. ಭಜಿ ಕೊಟ್ಟೆ, ತಿಂದರು. ಆಮೇಲೆ ಏಳೂ ಹಾಡಿನ ಹಾಳೆಗಳನ್ನು ಚಾಪೆಯ ಮೇಲೆ ಹರವಿದರು.

"ಒಂದು ಕೇಳ್ತೀನಿ, ಬೈಬ್ಯಾಡ್ರಿ. ಒಂದು ಹಾಡೂ ಮ್ಯಾಲಿನ ಸಾ ಸ್ವರಕ್ಕ ಹೋಗಿ ನಿಲ್ಲೂದಿಲ್ಲಲ್ರಿ, ಯಾಕ? ಏಳೂ ಹಾಡು ಅದರ ಕೆಳಗಿನ ನಿಷಾದ ಮುಟ್ಟಿ ಹೊಳ್ಳಿ ಬರ್ತಾವ."

ಅದೇ ನನ್ನ ಶೈಲಿ, ಅದರಲ್ಲೇ ಚಂದ ಇರೋದು ಎಂದೆ. ಊರೂರಲ್ಲಿ ಮಂದಿ ಹೊಗಳಿದ ತಿರುವು ಅದು. ಅವರು ವಾದ ಮಾಡಲಿಲ್ಲ. ಮೇಲಿನ ಷಡ್ಜಕ್ಕೆ ಹೋಗಿ ನಿಲ್ಲುವಂತೆ ಒಂದು ಸಾಲು ಈಗಲೇ ಕಟ್ಟಿ ತೋರಿಸಿ ಎಂದರು. ಮನೆಯಲ್ಲಿ ಒಂದು ಸಣ್ಣ ಕೈಪೇಟಿ ಇತ್ತು, ತೆಗೆದೆ. ಪ ಹಿಡಿದೆ, ನಿ ಹಿಡಿದೆ. ಬೆರಳು ತಾನಾಗಿ ಧ ಕಡೆ ಇಳಿಯಿತು. ಮತ್ತೆ ಹಿಡಿದೆ, ಮತ್ತೆ ಇಳಿಯಿತು. ಎತ್ತು ತನ್ನ ಹೊಲ ಬಂದ ಕೂಡಲೇ ತಿರುಗುವುದಿಲ್ಲವೇ, ಹಾಗೆ.

ಆಗ ನನಗೆ ಕಂಪನಿಯ ಮಾಲೀಕರ ಮುಖ ಕಣ್ಣ ಮುಂದೆ ಬಂತು. ಅವರೇ ಮಾಲೀಕರು, ಅವರೇ ನಾಯಕನ ಪಾರ್ಟು, ಮುದುಕರಾಗುವ ತನಕ. ದನಿ ದೊಡ್ಡದು, ಆದರೆ ಮೇಲಿನ ಸಾ ಹತ್ತಿರ ಹೋದರೆ ಒಡೆಯುತ್ತಿತ್ತು. ನಾನು ಧಾಟಿ ಕಟ್ಟಲು ಸೇರಿದ ಮೊದಲ ದಿನವೇ ಮೇಲಿನದು ನನಗೆ ಬೇಡ ಎಂದಿದ್ದರು. ಹೀಗಾಗಿ ನಿಷಾದದ ತನಕ ಒಯ್ದು ತಿರುಗಿಸುತ್ತಿದ್ದೆ. ಆ ಜಾಗಕ್ಕೆ ಬಂದಾಗ ಅವರು ಶಾಲು ಹಿಡಿದ ಕೈಯನ್ನು ಮೇಲಕ್ಕೆ ಎತ್ತುತ್ತಿದ್ದರು, ತಬಲಾದವನು ಜೋರಾಗಿ ಒಂದು ಪೆಟ್ಟು ಹಾಕುತ್ತಿದ್ದ. ದನಿಯೇ ಮೇಲೆ ಹೋಯಿತು ಎಂದು ಮಂದಿ ಚಪ್ಪಾಳೆ ಹೊಡೆಯುತ್ತಿದ್ದರು. ಅವರ ಗಂಟಲಿಗೆ ತಕ್ಕಂತೆ ಕಟ್ಟುವುದು ನನ್ನ ಕೆಲಸ, ಚೆನ್ನಾಗಿ ಮಾಡಿದೆ. ಆದರೆ ಅವರು ಸತ್ತು, ಕಂಪನಿ ಸತ್ತು ಇಷ್ಟು ವರ್ಷವಾದರೂ ನಾನು ಇನ್ನೂ ಅವರ ಗಂಟಲಿಗೇ ಕಟ್ಟುತ್ತಿದ್ದೆ. ಡಂಬಳದವಳ ದನಿಯ ಬಲವೆಲ್ಲಾ ಇದ್ದದ್ದು ಮೇಲಿನ ಸಾ ದಾಟಿದ ಮೇಲೆ. ದಿನಾ ಅವಳನ್ನು ಆ ಬಾಗಿಲ ತನಕ ಕರೆದೊಯ್ದು ಹಿಂದಕ್ಕೆ ಎಳೆದಿದ್ದೆ. ಏರಿನಲ್ಲಿ ಹತ್ತುವ ಗಾಡಿಯನ್ನು ಮತ್ತೆ ಮತ್ತೆ ನಿಲ್ಲಿಸಿದರೆ ಎತ್ತಿನ ಕುತ್ತಿಗೆ ಏನಾಗಬೇಕು?

ನನಗೆ ನಗು ಬಂತು. ಮಾಸ್ತರು ಗಾಬರಿಯಾಗಿ ನೋಡಿದರು. ಸಂಗತಿ ಹೇಳಿದೆ, ಅವರೂ ನಕ್ಕರು. ಆಮೇಲೆ ಇಬ್ಬರಿಗೂ ನಗು ನಿಂತಿತು. ಪರೀಕ್ಷೆಗೆ ಉಳಿದದ್ದು ಒಂದು ತಿಂಗಳು, ಮೇಲೆ ಸ್ವಲ್ಪ. ಹಾಡುಗಳ ಪ್ರತಿ ಪರೀಕ್ಷಕರ ಕೈ ಸೇರಿಬಿಟ್ಟಿತ್ತು.

ಇದ್ದದ್ದನ್ನೇ ತಿಕ್ಕಿ ತಿಕ್ಕಿ ಪಾಸು ಮಾಡಿಸಬಹುದಿತ್ತು. ಏಳು ಮಂದಿ ಹೇಗೋ ದಾಟುತ್ತಿದ್ದರು. ಹಾಡುಗಳನ್ನು ಒಡೆದು ಮತ್ತೆ ಕಟ್ಟುವುದೆಂದು ನಾನು ನಿರ್ಧಾರ ಮಾಡಿದೆ. ಮರುದಿನ ಮುಖ್ಯಸ್ಥರಿಗೆ ಹೇಳಿದಾಗ ಅವರು ಬಹಳ ಹೊತ್ತು ಕನ್ನಡಕ ಒರೆಸಿದರು. ನಿಯಮದಲ್ಲಿ ಇದಕ್ಕೆ ಜಾಗವಿಲ್ಲ, ಪರೀಕ್ಷಕರು ಬೇಡ ಎಂದರೆ ಎಂಟೂ ಮಂದಿಯ ಪದವಿ ಹೋಗುತ್ತದೆ ಎಂದರು. ಅದು ನನಗೂ ಗೊತ್ತಿತ್ತು.

"ಕಟ್ರಿ ಅಮ್ಮಾರ. ಕೇಳಿದ್ರ ನಾ ಹೇಳಿದೆ ಅಂತ ಹೇಳ್ರಿ" ಎಂದರು ಕೊನೆಗೆ.

ಮೊದಲು ಡಂಬಳಕ್ಕೆ ಹೋದೆ. ಮಾಸ್ತರೂ ಜೊತೆಗೆ ಬಂದರು. ಅತ್ತೆ ಕಟ್ಟೆಯ ಮೇಲೆ ಕೂತಿದ್ದರು, ನನಗಿಂತ ಒಂದೆರಡು ವರ್ಷ ಸಣ್ಣವರಿರಬೇಕು.

"ಏನ್ರೀ ಬಾಯಾರ, ನಿಮ್ಮ ಕಾಲೇಜಿನ್ಯಾಗ ಹಾಡಾಕ ಕಲಿಸ್ತೀರೋ, ಕೆಮ್ಮಾಕ ಕಲಿಸ್ತೀರೋ?"

"ಕೆಮ್ಮು ನಾನ ಕಲಿಸಿದ್ದು, ಖರೆ ಐತಿ. ಬಿಡಿಸಾಕ ಬಂದೀನಿ" ಎಂದೆ.

ಅವರು ಚಹಾ ಇಡಲು ಎದ್ದರು. ನಾನು ಬೇಡವೆಂದೆ, ನೀರೂ ಬೇಡವೆಂದೆ. ಅವರಿಗೆ ಆಗ ಹೊಳೆಯಿತು. ಬಿಸಿಲಲ್ಲಿ ರೋಜಾ ಇಟ್ಟುಕೊಂಡು ಇಷ್ಟು ದೂರ ಯಾಕೆ ಬಂದಿರಿ ಎಂದು ಬೈದರು. ಬೈದದ್ದರಲ್ಲಿ ಮೊದಲಿನ ಖಾರ ಇರಲಿಲ್ಲ. ಸೊಸೆ ಕೆರೆಯ ಕಡೆ ಬಟ್ಟೆ ಒಗೆಯಲು ಹೋಗಿದ್ದಾಳೆ ಎಂದರು. ನಾವಿಬ್ಬರೂ ಅತ್ತ ನಡೆದೆವು. ಏರಿಯ ಈ ತುದಿಯಿಂದ ಅವಳು ಆ ಕಡೆ ಎಮ್ಮೆ ಹೊಡೆದುಕೊಂಡು ಹೊರಟಿದ್ದ ಗಂಡನನ್ನು ಕೂಗುತ್ತಿದ್ದಳು. ಕೂಗು ಮೇಲಿನಿಂದಲೇ ಶುರುವಾಯಿತು, ಅಲ್ಲೇ ನಿಂತಿತು, ಆಮೇಲೆ ಸಾವಕಾಶ ಇಳಿಯಿತು. ಒಡಕಿಲ್ಲ, ಕೆಮ್ಮಿಲ್ಲ. ಗಂಡ ತಿರುಗಿ ನೋಡಿದ. ಮಾಸ್ತರು ನನ್ನ ಪಕ್ಕದಲ್ಲಿ ಬಾಯೊಳಗೇ ಸಾ ಎಂದರು, ನಿ ಧ ಪ ಎಂದು ಬೆರಳು ಮಡಿಚಿದರು.

ಕೆಳಗಿನಿಂದ ಮೇಲಕ್ಕೆ ಹತ್ತಲು ನನ್ನ ಬೆರಳಿಗೆ ಬರುತ್ತಿರಲಿಲ್ಲ. ಮೇಲೆಯೇ ಶುರು ಮಾಡಿದರೆ ತಿರುಗಿ ಹೋಗುವ ಮಾತೇ ಇಲ್ಲ. ಆ ಹರಿಗೋಲಿನವಳು ಹಾಡುವುದಾದರೂ ಏನು? "ಆಚೀ ದಂಡಿಗೆ ಯಾರವ್ವಾ, ದೀಪ ಹಿಡದು ನಿಂತಾವರು." ಹೊಳೆಯ ಆಚೆಗೆ ಕೇಳಬೇಕಾದ ಮಾತು. ಅದನ್ನು ನಾನು ಅಡುಗೆಮನೆಯಲ್ಲಿ ಪಿಸುಗುಟ್ಟುವಂತೆ ಕಟ್ಟಿದ್ದೆ.

ಅವಳು ನಮ್ಮನ್ನು ನೋಡಿ ಸೆರಗಿಗೆ ಕೈ ಒರೆಸಿಕೊಂಡು ಬಂದಳು. ಬೈಯಿಸಿಕೊಳ್ಳಲು ತಯಾರಾಗಿ ನಿಂತಿದ್ದಳು. ತಪ್ಪು ನಿನ್ನದಲ್ಲ, ಧಾಟಿಯದು, ನಾಳೆ ಬಾ ಎಂದೆ. ಮರುದಿನ ಬಂದಳು. ಬಸ್ಸಿಗೆ ಹತ್ತಿಸಲು ಅತ್ತೆಯೇ ಬಂದಿದ್ದರಂತೆ.

ಏಳರಲ್ಲಿ ಐದು ಹಾಡು ಒಡೆದೆ. ತಗ್ಗು ದನಿಯ ಇಬ್ಬರಿಗೆ ಕೊಟ್ಟಿದ್ದ ಒಂದು ಹಾಡನ್ನು ಹಾಗೇ ಬಿಟ್ಟೆ. ಶಿರಹಟ್ಟಿಯವನ ಹಾಡೂ ಮುಟ್ಟಲಿಲ್ಲ, ಅವನ ದನಿ ಮಾಲೀಕರ ದನಿಯ ಅಣ್ಣ, ಅವನಿಗೆ ಅದೇ ಸರಿ. ಒಬ್ಬೊಬ್ಬರನ್ನೇ ಕೋಠಿಯ ಹಿಂದಿನ ಬಯಲಿಗೆ ಕರೆದುಕೊಂಡು ಹೋಗಿ ದೂರ ನಿಲ್ಲಿಸಿ, ತಮ್ಮ ಮನೆಯವರನ್ನು ಕೂಗುವಂತೆ ಕೂಗಿರಿ ಎನ್ನುತ್ತಿದ್ದೆ. ಒಬ್ಬ ಹುಡುಗಿಗೆ ನಾಚಿಕೆ, ಎಂಟು ದಿನ ಕೂಗಲೇ ಇಲ್ಲ. ಬೀದಿಯ ಮಂದಿ ನಿಂತು ನೋಡುತ್ತಿದ್ದರು. ವಿಶ್ವವಿದ್ಯಾಲಯದಲ್ಲಿ ಇದನ್ನೂ ಕಲಿಸುತ್ತಾರೇನು ಎಂದು ಕೇಳಿದವರಿಗೆ ಶಿರಹಟ್ಟಿಯವನು, ಹೌದ್ರಿ, ಇದಕ್ಕೂ ಪರೀಕ್ಷೆ ಐತಿ ಎನ್ನುತ್ತಿದ್ದ. ಕೂಗು ಎಲ್ಲಿ ನಿಲ್ಲುತ್ತದೋ ಮಾಸ್ತರು ಆ ಸ್ವರ ಹಿಡಿದು ಹೇಳುತ್ತಿದ್ದರು, ನಾನು ಅಲ್ಲಿಂದ ಕಟ್ಟುತ್ತಿದ್ದೆ. ಮೂರು ಹಾಡು ಬೇಗ ಕೂತವು. ಒಂದು ಹಾಡು ಕೊನೆಯ ತನಕ ಕೂಡಲೇ ಇಲ್ಲ, ಹಾಗೇ ಒಯ್ದೆವು. ಶನಿವಾರದ ಒಪ್ಪಂದ ಹೋಯಿತು, ಮಾಸ್ತರು ದಿನಾ ಬರೆದರು, ದಿನಾ ಹರಿದರು.

ಪರೀಕ್ಷಕರು ಬಂದರು. ಬೇರೆ ಊರಿನ ವಿಶ್ವವಿದ್ಯಾಲಯದ ಹಿರಿಯರು, ಮಾತು ಕಡಿಮೆ. ಹೊಸ ಹಾಳೆಗಳು ಅವರಿಗೆ ಅಂಚೆಯಲ್ಲಿ ಮುಟ್ಟಿರಲಿಲ್ಲ. ಮುಖ್ಯಸ್ಥರು ಅಲ್ಲೇ ಕೈಗೆ ಕೊಟ್ಟರು. ಕಳಿಸಿದ್ದೇ ಒಂದು, ಹಾಡುವುದೇ ಒಂದು ಎಂದರೆ ಹೇಗೆ ಎಂದು ಅವರು ಮುಖ ಗಂಟು ಹಾಕಿದರು. ಮುಖ್ಯಸ್ಥರು ಅಂಜುವ ಮನುಷ್ಯ, ನನಗೆ ಗೊತ್ತು. ಆದರೂ ಅವರ ಎದುರು ನಿಂತು, ಬದಲಾಯಿಸಿದವರು ನಾವು, ಹುಡುಗರಲ್ಲ, ದೂರು ಬರೆಯುವುದಾದರೆ ನನ್ನ ಹೆಸರಿಗೆ ಬರೆಯಿರಿ ಎಂದರು. ಪರೀಕ್ಷಕರು ಹಳೆಯದು ಹೊಸದು ಎರಡೂ ಹಾಳೆ ಮುಂದಿಟ್ಟುಕೊಂಡು ಕೂತರು.

ಶಿರಹಟ್ಟಿಯವನು ಎರಡನೆಯ ನುಡಿ ಮರೆತು ಮೊದಲನೆಯದನ್ನೇ ಎರಡು ಸಲ ಹಾಡಿದ, ಮುಖದಲ್ಲಿ ಏನೂ ತೋರಿಸಲಿಲ್ಲ. ಉಳಿದವರು ದಾಟಿದರು. ಕೂಡದೆ ಉಳಿದಿದ್ದ ಹಾಡು ಅಲ್ಲಿಯೂ ಕೂಡಲಿಲ್ಲ. ಕೊನೆಗೆ ಡಂಬಳದವಳು. ನಾನು ಪೇಟಿಯ ಮೇಲೆ ಮೂರನೆಯ ಕಪ್ಪು ಮನೆ ಒತ್ತಿ ಸ್ವರ ಕೊಟ್ಟೆ. ಅವಳು ಮೇಲಿನಿಂದ ಎತ್ತಿಕೊಂಡಳು. ಅರ್ಧ ಸಾಲಿಗೇ ಪರೀಕ್ಷಕರು ಕೈ ಎತ್ತಿ ಎಲ್ಲವನ್ನೂ ನಿಲ್ಲಿಸಿದರು.

"ಪೇಟಿ ಬ್ಯಾಡ. ಬರೇ ತಂಬೂರಿ ಇರಲಿ. ಮೊದಲಿಂದ ಹಾಡವ್ವಾ."

ಪೇಟಿಯ ಆಸರೆಯಿಂದ ನಿಂತಿದೆಯೋ, ತಾನೇ ನಿಂತಿದೆಯೋ ನೋಡಲು ಹಾಗೆ ಕೇಳಿದರು. ಅವರ ಕೆಲಸ ಅದು. ಆದರೆ ನಾನು ಒಬ್ಬ ಹಾಡುವವರನ್ನೂ ಪೇಟಿ ಇಲ್ಲದೆ ಬಿಟ್ಟವಳಲ್ಲ. ದನಿ ಜಾರಿದರೆ ಬೆರಳಿನಿಂದ ಮುಚ್ಚುವುದು ನನ್ನ ಅರ್ಧ ಜನ್ಮದ ಕೆಲಸ. ಕೈ ಎತ್ತಿ ತೊಡೆಯ ಮೇಲೆ ಇಟ್ಟುಕೊಂಡೆ. ಅವಳು ನನ್ನ ಕಡೆ ನೋಡಿದಳು. ನಾನು ತಲೆ ತಗ್ಗಿಸಿದೆ, ನನ್ನ ಮುಖ ನೋಡಿದರೆ ಅವಳಿಗೂ ಹೆದರಿಕೆ ಹತ್ತುತ್ತಿತ್ತು. ಅವಳು ಹಾಡಿದಳು. ಸಾ ನಿಂತಿತು. ಕೆರೆಯ ಏರಿಯ ಮೇಲೆ ನಿಂತಂತೆಯೇ ನಿಂತು, ಸಾವಕಾಶ ಇಳಿಯಿತು. ಎರಡು ನುಡಿ ಪೂರಾ ಹಾಡಿದಳು. ಪರೀಕ್ಷಕರು ಬರೆದುಕೊಂಡರು, ತಲೆ ಎತ್ತಲಿಲ್ಲ. ಏಳುವಾಗ ಮಾತ್ರ ಹಳೆಯ ಹಾಳೆಗಳನ್ನು ಮಡಿಚಿ ಮುಖ್ಯಸ್ಥರಿಗೆ ವಾಪಸು ಕೊಟ್ಟು, ಇವು ಬೇಕಾಗಿಲ್ಲ ಎಂದರು.

ಎಂಟೂ ಮಂದಿ ಪಾಸಾದರು. ಶಿರಹಟ್ಟಿಯವನು ಹೊಸ್ತಿಲು ಮುಟ್ಟಿ ದಾಟಿದ. ಡಂಬಳದವಳದು ಮೊದಲ ದರ್ಜೆ. ಅತ್ತೆ ಒಂದು ಚೀಲ ಹಸಿ ಕಡಲೆ ಕಳಿಸಿದರು. ಪಾಠ ಮರುವರ್ಷವೂ ನಡೆಯಿತು, ಅದರ ಮುಂದೆಯೂ, ನನ್ನ ಮೊಣಕಾಲು ಮಹಡಿ ಹತ್ತುವಷ್ಟು ಕಾಲ ನಾನೇ ಕಲಿಸಿದೆ. ತಮ್ಮ ಹೆಸರು ಮುಂದೆ ಒಡ್ಡಿದ ಮುಖ್ಯಸ್ಥರು, ಮುದುಕಿಯ ಮನೆಗೆ ಬಂದು ನಿಮ್ಮ ಹಾಡು ತಪ್ಪಿದೆ ಎಂದು ಹೇಳುವ ಎದೆ ಇದ್ದ ಮಾಸ್ತರು, ಬಯಲಿನಲ್ಲಿ ನಿಂತು ನಾಚಿಕೆ ಬಿಟ್ಟು ಕೂಗಿದ ಹುಡುಗರು, ಇವರಿಲ್ಲದಿದ್ದರೆ ನಾನು ಸಾಯುವ ತನಕ ಸತ್ತವರಿಗೇ ಧಾಟಿ ಕಟ್ಟುತ್ತಿದ್ದೆ. ಇಷ್ಟು ಹೇಳಲಿಕ್ಕೇ ಇದನ್ನು ಬರೆದೆ.

ಡಂಬಳದವಳು ಈಗ ಮುಂಡರಗಿಯಲ್ಲಿ ಶಾಲೆಯ ಸಂಗೀತದ ಬಾಯಾರು. ಕಳೆದ ವರ್ಷ ಮಕ್ಕಳ ಕಾರ್ಯಕ್ರಮಕ್ಕೆ ನನ್ನನ್ನು ಕರೆಸಿದ್ದಳು. ಸಣ್ಣ ಮಕ್ಕಳು ಸಾಲಾಗಿ ನಿಂತು ಹರಿಗೋಲಿನವಳ ಹಾಡು ಹಾಡಿದರು. ಹಾಡು ಅದೇ, ಆದರೆ ಮೇಲಿನ ಸಾ ಇರಲಿಲ್ಲ. ಕೂಗು ಪಂಚಮದಿಂದಲೇ ಹೊರಟು ಅಷ್ಟರಲ್ಲೇ ಆಡಿ ಇಳಿಯುತ್ತಿತ್ತು.

ಮುಗಿದ ಮೇಲೆ ಕೇಳಿದೆ. "ಮ್ಯಾಲಿಂದು ಎಲ್ಲಿ ಹೋತು?"

"ಇವು ಸಣ್ಣವ್ರಿ ಅಮ್ಮಾರ. ಅಷ್ಟು ಎತ್ತರಕ್ಕ ಹೋದ್ರ ಬರೇ ಚೀರತಾವ. ತಗದುಬಿಟ್ಟೆ. ಸಿಟ್ಟು ಬಂತೇನ್ರಿ?"

ಇಲ್ಲ ಎಂದೆ. ಮಕ್ಕಳಿಗೆ ಇನ್ನೊಮ್ಮೆ ಹಾಡಲು ಹೇಳು, ಕೇಳುತ್ತೇನೆ ಎಂದೆ.